ಲೂಥರನ್ ವಿಶ್ವವಿದ್ಯಾಲಯ ಅಂದರೆ ಚರ್ಚ್ ಕಾಲೇಜಾ? ಮಗಳನ್ನು ವ್ಯಾಲ್ಪರೈಸೊಗೆ ಕಳಿಸಬಹುದಾ?

ಪ್ರಶ್ನೆ: ನಮ್ಮ ಮಗಳು ತುಮಕೂರಿನಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಅಮೆರಿಕದ ಇಂಡಿಯಾನಾ ರಾಜ್ಯದ ವ್ಯಾಲ್ಪರೈಸೊ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಸ್ವಲ್ಪ ಸ್ಕಾಲರ್‌ಶಿಪ್ ಕೂಡ ಕೊಟ್ಟಿದ್ದಾರೆ. ಅವಳಿಗೆ ಹವಾಮಾನ ವಿಜ್ಞಾನ ಅಂದರೆ ಪ್ರಾಣ, ನಮಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಆದರೆ ಒಳ್ಳೆಯದು ಅನ್ನಿಸುತ್ತದೆ. ಅದು ಲೂಥರನ್ ವಿಶ್ವವಿದ್ಯಾಲಯ ಅಂತ ಗೊತ್ತಾದ ಮೇಲೆ ಮನೆಯಲ್ಲಿ ಹಿರಿಯರು ಹಿಂದೇಟು ಹಾಕುತ್ತಿದ್ದಾರೆ. ಪ್ರಾರ್ಥನೆಗೆ ಹೋಗಲೇಬೇಕಾ? ಡಿಗ್ರಿಗೆ ಬೆಲೆ ಇದೆಯಾ? ಸಾಲ ಮಾಡಿ ಕಳಿಸಬಹುದಾ?

ಉತ್ತರ:

ನಿಮ್ಮ ಮನೆಯ ಹಿರಿಯರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಅದಕ್ಕೆ ಉತ್ತರ ಸುಲಭ. ಇಲ್ಲ, ಪ್ರಾರ್ಥನೆಗೆ ಹೋಗಲೇಬೇಕು ಅಂತಿಲ್ಲ. ಕ್ಯಾಂಪಸ್ಸಿನ ನಡುವೆ ದೊಡ್ಡ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ ಇದೆ, ಅಲ್ಲಿ ಪ್ರಾರ್ಥನೆ ನಡೆಯುತ್ತದೆ, ಹೋಗುವವರು ಹೋಗುತ್ತಾರೆ, ಉಳಿದವರು ಆ ಹೊತ್ತಲ್ಲಿ ಕಾಫಿ ಕುಡಿಯುತ್ತಾರೆ. ಹಾಜರಿ ತೆಗೆದುಕೊಳ್ಳುವವರು ಯಾರೂ ಇಲ್ಲ. ನಮ್ಮ ಕಡೆ ಎಷ್ಟು ಹಿಂದೂ, ಮುಸ್ಲಿಂ ಮನೆಯ ಮಕ್ಕಳು ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲೋ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲೋ ಓದಿ ಬಂದಿಲ್ಲ? ಅವು ಕ್ಯಾಥೊಲಿಕ್ ಸಂಸ್ಥೆಗಳು, ಇದು ಪ್ರಾಟೆಸ್ಟೆಂಟ್, ಅಷ್ಟೇ. ಹಿರಿಯರಿಗೆ ಇದನ್ನು ಧೈರ್ಯವಾಗಿ ಹೇಳಿ.

ಆದರೆ ಲೂಥರನ್ ಅನ್ನೋದು ಸುಮ್ನೆ ಬೋರ್ಡಿನ ಮೇಲಿನ ಹೆಸರೂ ಅಲ್ಲ. ಈ ಪಂಥಕ್ಕೆ ಹೆಸರು ಬಂದದ್ದು ಮಾರ್ಟಿನ್ ಲೂಥರ್‌ನಿಂದ, ಅವನು ಸ್ವತಃ ಜರ್ಮನಿಯ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಮೇಷ್ಟ್ರು. 1517ರಲ್ಲಿ ಚರ್ಚಿನ ವಿರುದ್ಧ ಅವನು ಬರೆದ ತೊಂಬತ್ತೈದು ವಾದಗಳು ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿಲ್ಲದ್ದು ಏನಂದರೆ, 1524ರಲ್ಲಿ ಅವನು ಜರ್ಮನಿಯ ಊರುಗಳ ಆಡಳಿತಗಾರರಿಗೆಲ್ಲ ಒಂದು ಪತ್ರ ಬರೆದು, ಶಾಲೆ ತೆರೆಯಿರಿ, ಹೆಣ್ಣುಮಕ್ಕಳಿಗೂ ಕಲಿಸಿ ಅಂತ ಒತ್ತಾಯ ಮಾಡಿದ. ಪಾದ್ರಿ ಆದರೆ ಮಾತ್ರ ದೇವರ ಕೆಲಸ ಅಲ್ಲ, ಚಪ್ಪಲಿ ಹೊಲಿಯುವವನೂ ಹಾಲು ಕರೆಯುವವಳೂ ತಮ್ಮ ಕೆಲಸವನ್ನು ನೆಟ್ಟಗೆ ಮಾಡಿದರೆ ಅದೂ ಅಷ್ಟೇ ದೊಡ್ಡದು ಅನ್ನೋದು ಅವನ ನಂಬಿಕೆ. ಬಸವಣ್ಣನವರ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಲೂಥರನ್ ಕಾಲೇಜುಗಳಲ್ಲಿ ಇವತ್ತಿಗೂ ಮೇಷ್ಟ್ರುಗಳು ಹುಡುಗರನ್ನು ಕೂರಿಸಿಕೊಂಡು "ನೀನು ಯಾವ ಕೆಲಸಕ್ಕೆ ಹುಟ್ಟಿದವನು" ಅಂತ ವಿಚಾರಿಸುವ ರೂಢಿ ಇದೆಯಲ್ಲ, ಅದರ ಬೇರು ಇಲ್ಲಿದೆ.

ನಿಮ್ಮ ಮಗಳು ಎದುರಿಸಬಹುದಾದ ಒಂದು ವಿಷಯ ಇದೆ. ಇಂಥ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್ ಓದುವವರೂ ತತ್ವಶಾಸ್ತ್ರ, ಸಾಹಿತ್ಯ, ಥಿಯಾಲಜಿ (ಧರ್ಮದ ಅಧ್ಯಯನ) ಅಂತ ಒಂದಷ್ಟು ಕೋರ್ಸ್ ಮಾಡುವುದು ಸಂಪ್ರದಾಯ. ಥಿಯಾಲಜಿ ಅಂದ ಕೂಡಲೇ ಗಾಬರಿ ಬೇಡ. ಅದು ಪೂಜೆ ಅಲ್ಲ, ಓದು. ಒಂದು ಪಠ್ಯ ಕೊಡುತ್ತಾರೆ, ಅದನ್ನು ಯಾರು ಯಾವಾಗ ಯಾಕೆ ಬರೆದರು ಅಂತ ಚರ್ಚೆ ಮಾಡಿಸುತ್ತಾರೆ, ಪ್ರಬಂಧ ಬರೆಸುತ್ತಾರೆ. ಅಂಕ ಸಿಗುವುದು ವಾದದ ಗಟ್ಟಿತನಕ್ಕೆ, ನಂಬಿಕೆಗೆ ಅಲ್ಲ. ನಮ್ಮ ಪಿಯುಸಿಯಿಂದ ಹೋದ ಮಕ್ಕಳಿಗೆ ಕಷ್ಟ ಆಗುವುದು ಅಲ್ಲಿನ ಧರ್ಮ ಅಲ್ಲ, ಅಲ್ಲಿನ ಬರವಣಿಗೆ. ಗೈಡ್ ಓದಿ ಉತ್ತರ ಒಪ್ಪಿಸಿ ಅಭ್ಯಾಸ ಆಗಿರುತ್ತದೆ, ಅಲ್ಲಿ ಮೊದಲ ವಾರವೇ "ನಿನ್ನ ಅಭಿಪ್ರಾಯ ಏನು, ಆಧಾರ ಎಲ್ಲಿ" ಅಂತ ಕೇಳುತ್ತಾರೆ. ಹೋಗುವ ಮುಂಚೆ ಈ ಬೇಸಿಗೆಯಲ್ಲೇ ಎರಡು ಪುಟದ ಪ್ರಬಂಧ ಬರೆಯುವುದನ್ನು ರೂಢಿ ಮಾಡಿಸಿ.

ಈಗ ವ್ಯಾಲ್ಪರೈಸೊ ಬಗ್ಗೆ. ಅಲ್ಲಿನವರು ಚಿಕ್ಕದಾಗಿ ವ್ಯಾಲ್ಪೊ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ಇದು ಹುಟ್ಟಿನಿಂದ ಲೂಥರನ್ ಸಂಸ್ಥೆ ಅಲ್ಲ. 1859ರಲ್ಲಿ ಮೆಥಡಿಸ್ಟರು, ಅಂದರೆ ಇನ್ನೊಂದು ಪ್ರಾಟೆಸ್ಟೆಂಟ್ ಪಂಥದವರು, ಗಂಡು ಹೆಣ್ಣು ಇಬ್ಬರಿಗೂ ಅಂತ ಶುರು ಮಾಡಿದ ಕಾಲೇಜು. ಆ ಕಾಲಕ್ಕೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕಲಿಸುವ ಕಾಲೇಜುಗಳು ಅಮೆರಿಕದಲ್ಲೂ ಬಹಳ ಇರಲಿಲ್ಲ. ಅಂತರ್ಯುದ್ಧದ ನಂತರ ದುಡ್ಡಿಲ್ಲದೆ 1871ರಲ್ಲಿ ಬಾಗಿಲು ಹಾಕಿತು. 1873ರಲ್ಲಿ ಹೆನ್ರಿ ಬೇಕರ್ ಬ್ರೌನ್ ಅನ್ನುವ ಮೇಷ್ಟ್ರು ಮತ್ತೆ ತೆರೆದರು. ಫೀಸು ಎಷ್ಟು ಕಡಿಮೆ ಇಟ್ಟರು ಅಂದರೆ ಜನ ಅದನ್ನು "ಬಡವರ ಹಾರ್ವರ್ಡ್" ಅಂತಲೇ ಕರೆದರು. ಬ್ರೌನ್ ನಂತರ, ಮೊದಲ ಮಹಾಯುದ್ಧದ ಹೊತ್ತಿಗೆ ಮತ್ತೆ ಕುಸಿತ. 1923ರಲ್ಲಿ ಪರಿಸ್ಥಿತಿ ಎಲ್ಲಿಗೆ ಬಂತು ಅಂದರೆ, ಆಗ ಇಂಡಿಯಾನಾದಲ್ಲಿ ಬಲಾಢ್ಯವಾಗಿದ್ದ ಕು ಕ್ಲಕ್ಸ್ ಕ್ಲಾನ್, ಕರಿಯರನ್ನೂ ಯಹೂದಿಗಳನ್ನೂ ಕ್ಯಾಥೊಲಿಕರನ್ನೂ ದ್ವೇಷಿಸುತ್ತಿದ್ದ ಆ ಗುಂಪು, ಇಡೀ ವಿಶ್ವವಿದ್ಯಾಲಯವನ್ನೇ ಕೊಂಡುಕೊಳ್ಳಲು ಹೊರಟಿತ್ತು. ದುಡ್ಡು ಹೊಂದಲಿಲ್ಲ, ವ್ಯವಹಾರ ಮುರಿದುಬಿತ್ತು. 1925ರಲ್ಲಿ ಲೂಥರನ್ನರ ಒಂದು ಸಂಘ ಅದನ್ನು ಕೊಂಡಿತು. ಇವತ್ತು ಅಲ್ಲಿ ನಿಮ್ಮ ಮಗಳಂಥವರಿಗೆ ಸೀಟು ಸಿಗುತ್ತಿದೆ ಅಂದರೆ ಆ ಎರಡು ವರ್ಷಗಳಲ್ಲಿ ಆದದ್ದಕ್ಕೆ ದೊಡ್ಡ ಬೆಲೆ ಇದೆ.

ಇನ್ನೊಂದು ಮುಖ್ಯ ವಿಷಯ. ಅಮೆರಿಕದ ಲೂಥರನ್ನರಲ್ಲಿ ಎರಡು ದೊಡ್ಡ ಬಣಗಳಿವೆ, ಒಂದು ಉದಾರವಾದಿ, ಇನ್ನೊಂದು ಮಿಸ್ಸೌರಿ ಸಿನಡ್, ಸಂಪ್ರದಾಯಸ್ಥರದ್ದು. ಅಮೆರಿಕದಲ್ಲಿ ಕಾಂಕಾರ್ಡಿಯಾ ಅನ್ನುವ ಹೆಸರಿನ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಮಿಸ್ಸೌರಿ ಸಿನಡ್‌ಗೆ ಸೇರಿದವು. ಅಲ್ಲಿ ಧರ್ಮದ ವಾತಾವರಣ ಜಾಸ್ತಿ. ಸೇಂಟ್ ಓಲಾಫ್, ಪೆಸಿಫಿಕ್ ಲೂಥರನ್, ಕ್ಯಾಲಿಫೋರ್ನಿಯಾ ಲೂಥರನ್ ಇವೆಲ್ಲ ಮೊದಲ ಬಣದವು. ವ್ಯಾಲ್ಪೊ ಎರಡಕ್ಕೂ ಸೇರಿಲ್ಲ. ಎರಡೂ ಕಡೆಯವರ ಜೊತೆ ಸಂಬಂಧ ಇಟ್ಟುಕೊಂಡು ಸ್ವತಂತ್ರವಾಗಿದೆ. ಹೊರಗಿನಿಂದ ಬರುವ ವಿದ್ಯಾರ್ಥಿಗೆ ಇದು ಒಳ್ಳೆಯದೇ. 2021ರಲ್ಲಿ ಅವರು ತಮ್ಮ ಕ್ರೀಡಾ ತಂಡಗಳ ಹಳೆಯ ಹೆಸರು ಕ್ರುಸೇಡರ್ಸ್ ಅನ್ನುವುದನ್ನು ಕೈಬಿಟ್ಟು ಬೀಕನ್ಸ್ (ದಾರಿದೀಪಗಳು) ಅಂತ ಮಾಡಿದರು. ಧರ್ಮಯುದ್ಧ ಮಾಡಿದವರ ಹೆಸರು ನಮಗೆ ಬೇಡ, ದ್ವೇಷದ ಗುಂಪುಗಳೂ ಅದನ್ನು ಬಳಸುತ್ತವೆ ಅನ್ನುವುದು ಅವರು ಕೊಟ್ಟ ಕಾರಣ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಬೇಜಾರಾಯಿತು, ಆದರೂ ಮಾಡಿದರು. ಬೇರೆ ಧರ್ಮದ ಮಕ್ಕಳು ಅಲ್ಲಿ ಹೇಗಿರಬಹುದು ಅಂತ ಕೇಳುವವರಿಗೆ ನಾನು ಈ ಸಂಗತಿ ಹೇಳುತ್ತೇನೆ.

ಓದಿನ ವಿಷಯಕ್ಕೆ ಬರೋಣ. ಇಲ್ಲಿ ನಾನು ನಿಮ್ಮ ಮಗಳ ಪಕ್ಷ.

ವ್ಯಾಲ್ಪೊ ಚಿಕ್ಕ ವಿಶ್ವವಿದ್ಯಾಲಯ, ಮೂರು ಸಾವಿರದ ಆಸುಪಾಸು ವಿದ್ಯಾರ್ಥಿಗಳು. ಅದೇ ರಾಜ್ಯದ ದೊಡ್ಡ ವಿಶ್ವವಿದ್ಯಾಲಯ ಪರ್ಡ್ಯೂ ಜೊತೆ ಹೋಲಿಸಿದರೆ ಏನೇನೂ ಅಲ್ಲ. ಆದರೆ ಹವಾಮಾನ ವಿಜ್ಞಾನದಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ಕ್ಯಾಂಪಸ್ಸಿನಲ್ಲೇ ಮಳೆ, ಗಾಳಿಯ ಚಲನೆ ಅಳೆಯುವ ಸ್ವಂತ ಡಾಪ್ಲರ್ ರೇಡಾರ್ ಇದೆ. ಇಷ್ಟು ಚಿಕ್ಕ ಕಡೆ, ಪದವಿ ವಿದ್ಯಾರ್ಥಿಗಳ ಕೈಗೆ ಸಿಗುವಂತೆ ರೇಡಾರ್ ಇರುವುದು ಅಪರೂಪ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇಂಥ ಉಪಕರಣದ ಹತ್ತಿರ ಹೋಗಲು ಪಿಎಚ್‌ಡಿ ಹುಡುಗರದ್ದೇ ಸರದಿ.

ಅವರ ಬೇಸಿಗೆ ಕ್ಷೇತ್ರ ಅಧ್ಯಯನದ ಬಗ್ಗೆ ಮಗಳಿಗೆ ಆಗಲೇ ಗೊತ್ತಿರಬಹುದು, ನಿಮಗೆ ಹೇಳುತ್ತೇನೆ. ವಿದ್ಯಾರ್ಥಿಗಳು ಮೇಷ್ಟ್ರುಗಳ ಜೊತೆ ವ್ಯಾನಿನಲ್ಲಿ ಕಾನ್ಸಾಸ್, ಒಕ್ಲಹೋಮಾ, ನೆಬ್ರಾಸ್ಕಾ ಕಡೆಯ ಬಯಲು ಸೀಮೆಗೆ ಹೋಗುತ್ತಾರೆ, ಬಿರುಗಾಳಿ ಹುಡುಕಿಕೊಂಡು. ಬೆಳಿಗ್ಗೆ ಎದ್ದ ಕೂಡಲೇ ನಕ್ಷೆಗಳನ್ನು ಹರಡಿಕೊಂಡು ಕೂರಬೇಕು. ಕೆಳಗಿನ ಗಾಳಿಯಲ್ಲಿ ತೇವ ಎಷ್ಟಿದೆ, ಮೇಲೆ ಹೋದ ಹಾಗೆ ಗಾಳಿಯ ದಿಕ್ಕು ವೇಗ ಎಷ್ಟು ಬದಲಾಗುತ್ತಿದೆ, ಒಣ ಗಾಳಿ ಮತ್ತು ತೇವದ ಗಾಳಿ ಸೇರುವ ಗೆರೆ ಮಧ್ಯಾಹ್ನದ ಹೊತ್ತಿಗೆ ಎಲ್ಲಿಗೆ ಬರುತ್ತದೆ. ಇದನ್ನೆಲ್ಲ ನೋಡಿ "ಇವತ್ತು ಸಂಜೆ ಇಂಥ ಊರಿನ ಹತ್ತಿರ ಮೋಡ ಏಳುತ್ತದೆ" ಅಂತ ವಿದ್ಯಾರ್ಥಿಗಳೇ ತೀರ್ಮಾನ ಮಾಡಬೇಕು. ಆಮೇಲೆ ಗಂಟೆಗಟ್ಟಲೆ ಪ್ರಯಾಣ. ಅಂದಾಜು ಸರಿಯಾದರೆ ಕಣ್ಣೆದುರಿಗೆ ಮೋಡ ಸುತ್ತುತ್ತಾ ಬೆಳೆಯುತ್ತದೆ. ತಪ್ಪಿದರೆ ನೀಲಿ ಆಕಾಶ ನೋಡಿಕೊಂಡು ವಾಪಸ್ಸು, ಎಲ್ಲಿ ಲೆಕ್ಕ ಹಳಿ ತಪ್ಪಿತು ಅಂತ ರಾತ್ರಿ ಚರ್ಚೆ. ಹತ್ತೊಂಬತ್ತು ಇಪ್ಪತ್ತು ವಯಸ್ಸಿಗೆ ಇಂಥ ಕಲಿಕೆ ಸಿಗುವುದಿದೆಯಲ್ಲ, ಅದಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಆದರೆ ಮೋಡ ಇಷ್ಟ ಅನ್ನುವುದೊಂದೇ ಸಾಲದು. ಹವಾಮಾನ ವಿಜ್ಞಾನ ಅಂದರೆ ಗಣಿತ ಮತ್ತು ಭೌತಶಾಸ್ತ್ರ. ಕ್ಯಾಲ್ಕುಲಸ್ ಮೂರು ಹಂತ, ಡಿಫರೆನ್ಷಿಯಲ್ ಈಕ್ವೇಷನ್ಸ್, ವಾತಾವರಣದ ಥರ್ಮೊಡೈನಾಮಿಕ್ಸ್, ಡೈನಾಮಿಕ್ಸ್. ಎರಡನೇ ವರ್ಷಕ್ಕೆ ಬೇರೆ ವಿಷಯಕ್ಕೆ ಜಿಗಿಯುವವರು ಸಾಮಾನ್ಯವಾಗಿ ಗಣಿತಕ್ಕೆ ಹೆದರಿಯೇ ಜಿಗಿಯುತ್ತಾರೆ. ಪಿಯುಸಿ ಗಣಿತ ಮಗಳಿಗೆ ಚೆನ್ನಾಗಿ ಬರುತ್ತಿತ್ತಾ? ಬರುತ್ತಿತ್ತು ಅಂದರೆ ಈ ಚಿಂತೆ ಬಿಡಿ.

ಕೆಲಸದ ವಿಷಯ ಮುಚ್ಚುಮರೆ ಇಲ್ಲದೆ ಹೇಳಬೇಕು, ಏಜೆಂಟರು ಇದನ್ನು ಹೇಳುವುದೇ ಇಲ್ಲ. ಅಮೆರಿಕದಲ್ಲಿ ಹವಾಮಾನ ತಜ್ಞರಿಗೆ ದೊಡ್ಡ ಉದ್ಯೋಗದಾತ ಅಂದರೆ ಸರ್ಕಾರದ ನ್ಯಾಷನಲ್ ವೆದರ್ ಸರ್ವಿಸ್. ಆ ಕೆಲಸಕ್ಕೆ ಅಮೆರಿಕದ ಪೌರತ್ವ ಬೇಕು. ನಿಮ್ಮ ಮಗಳಿಗೆ ಆ ಬಾಗಿಲು ಮುಚ್ಚಿದೆ ಅಂತಲೇ ಇಟ್ಟುಕೊಳ್ಳಿ. ಉಳಿಯುವುದು ಖಾಸಗಿ ಕ್ಷೇತ್ರ, ಅಂದರೆ ವಿದ್ಯುತ್ ಕಂಪನಿಗಳು, ವಿಮೆ, ವಿಮಾನಯಾನ, ಗಾಳಿ ಮತ್ತು ಸೌರ ವಿದ್ಯುತ್ತಿನ ಅಂದಾಜು ಮಾಡುವ ಸಂಸ್ಥೆಗಳು. ಇವಕ್ಕೆಲ್ಲ ಪ್ರೋಗ್ರಾಮಿಂಗ್ ಚೆನ್ನಾಗಿ ಬರಬೇಕು. ಇಲ್ಲವೇ ಎಂಎಸ್, ಪಿಎಚ್‌ಡಿ ದಾರಿ. ಒಳ್ಳೆಯ ಸಂಗತಿ ಏನಂದರೆ ಅಲ್ಲಿ ಪಿಎಚ್‌ಡಿ ಮಾಡುವವರಿಗೆ ಸಾಮಾನ್ಯವಾಗಿ ಫೀಸು ಮನ್ನಾ ಮಾಡಿ ಸ್ಟೈಪೆಂಡ್ ಕೊಡುತ್ತಾರೆ. ವಾಪಸ್ಸು ಬರುತ್ತೇನೆ ಅಂದರೂ ದಾರಿ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನಕ್ಕೇ ಒಂದು ಕೇಂದ್ರ ಇದೆ, ಪುಣೆಯಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆ ಇದೆ, ನಮ್ಮ ರಾಜ್ಯದ್ದೇ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬೆಂಗಳೂರಿನಲ್ಲಿದೆ. ಕೊಡಗಿನ 2018ರ ಮಳೆ ನೋಡಿದವರಿಗೆ ಈ ಓದು ನಮಗೆಷ್ಟು ಬೇಕು ಅಂತ ಹೇಳಬೇಕಿಲ್ಲ.

ಮೆಕ್ಯಾನಿಕಲ್ ಕೂಡ ಅಲ್ಲಿ ಕಳಪೆ ಏನಲ್ಲ. ಅಮೆರಿಕದಲ್ಲಿ ಎಂಜಿನಿಯರಿಂಗ್ ಪದವಿಗೆ ಅಬೆಟ್ ಮಾನ್ಯತೆ ನೋಡುತ್ತಾರೆ, ಅದಿದೆ. ಎಂಜಿನಿಯರಿಂಗ್ ವಿಭಾಗದ ಹಿಂದೆ ಒಂದು ಕಥೆಯೇ ಇದೆ. ಮೊದಲು ಅಲ್ಲಿ ಎರಡೇ ವರ್ಷ ಎಂಜಿನಿಯರಿಂಗ್ ಕಲಿಸುತ್ತಿದ್ದರು, ಉಳಿದ ಎರಡು ವರ್ಷಕ್ಕೆ ಪರ್ಡ್ಯೂಗೆ ಹೋಗಬೇಕಿತ್ತು. ಎರಡನೇ ಮಹಾಯುದ್ಧದ ನಂತರ ವಿದ್ಯಾರ್ಥಿಗಳು ನಾಲ್ಕೂ ವರ್ಷ ಇಲ್ಲೇ ಬೇಕು ಅಂತ ಪಟ್ಟು ಹಿಡಿದರು. ಕಟ್ಟಡಕ್ಕೆ ದುಡ್ಡಿಲ್ಲ ಅಂತ ಉತ್ತರ ಬಂತು. ಹಾಗಾದರೆ ನಾವೇ ಕಟ್ಟುತ್ತೇವೆ ಅಂತ ಹೊರಟು, 1940ರ ದಶಕದ ಕೊನೆಗೆ ಹುಡುಗರು ತಾವೇ ಕೈಯಾರೆ ಇಟ್ಟಿಗೆ ಹೊತ್ತು ಲ್ಯಾಬ್ ಕಟ್ಟಡ ಎಬ್ಬಿಸಿದರು. ಈಗ ಅಲ್ಲಿ ಸೌರ ಕುಲುಮೆ ಇದೆ. ದೊಡ್ಡ ಕನ್ನಡಿಯೊಂದು ಸೂರ್ಯನ ಬೆಳಕನ್ನು ಒಳಗೆ ತಿರುಗಿಸುತ್ತದೆ, ಇನ್ನೊಂದು ಅದನ್ನು ಒಂದೇ ಕಡೆ ಕೂಡಿಸುತ್ತದೆ, ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಶಾಖದಲ್ಲಿ ಮೆಗ್ನೀಸಿಯಂನಂಥ ಲೋಹ ತೆಗೆಯುವ ಪ್ರಯೋಗಗಳಲ್ಲಿ ಪದವಿ ವಿದ್ಯಾರ್ಥಿಗಳೇ ಕೆಲಸ ಮಾಡಿದ್ದಾರೆ. ಅವಳನ್ನು ಬಲವಂತವಾಗಿ ಮೆಕ್ಯಾನಿಕಲ್‌ಗೆ ತಳ್ಳಬೇಡಿ ಅನ್ನುತ್ತೇನೆ. ಮೆಕ್ಯಾನಿಕಲ್ ಆದರೆ ನಮ್ಮಲ್ಲೇ ಒಳ್ಳೆಯ ಕಾಲೇಜುಗಳಿವೆ, ಅಷ್ಟು ದೂರ ಅಷ್ಟು ದುಡ್ಡು ಹಾಕಿ ಹೋಗುವ ಅಗತ್ಯ ಏನು? ಪದವಿ ಮಟ್ಟದಲ್ಲಿ ಹವಾಮಾನ ವಿಜ್ಞಾನವನ್ನು ರೇಡಾರ್ ಪಕ್ಕದಲ್ಲೇ ಕೂತು ಕಲಿಯುವ ಅವಕಾಶ ನಮ್ಮ ದೇಶದಲ್ಲಿ ಸಿಗುವುದು ಕಷ್ಟ. ಮೊದಲ ವರ್ಷದ ಗಣಿತ, ಭೌತಶಾಸ್ತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಒಂದು ವರ್ಷ ನೋಡಿಕೊಂಡು ಬದಲಿಸಲೂ ಅಡ್ಡಿ ಇಲ್ಲ.

ಕ್ರೈಸ್ಟ್ ಕಾಲೇಜ್ ಅಂತ ಒಂದು ಹೆಸರು ಪತ್ರದಲ್ಲಿ ಕಾಣಬಹುದು. ಹೆಸರು ನೋಡಿ ಮತ್ತೆ ಹೆದರಬೇಡಿ. ಚೆನ್ನಾಗಿ ಓದುವವರಿಗೆ ಅಂತ ಇರುವ ಆನರ್ಸ್ ಕಾಲೇಜು ಅದು, 1967ರಿಂದ ಇದೆ. ಅಲ್ಲಿ ಮೊದಲ ವರ್ಷದವರು ಹಳೆಯ ಗ್ರಂಥಗಳಿಂದ ಶುರು ಮಾಡಿ ಸಿಕ್ಕಾಪಟ್ಟೆ ಓದುತ್ತಾರೆ, ಬರೆಯುತ್ತಾರೆ, ಸಭೆಯ ಮುಂದೆ ನಿಂತು ಚರ್ಚಾಸ್ಪರ್ಧೆ ಮಾಡುತ್ತಾರೆ. ಇನ್ನೊಂದು ಸಂಪ್ರದಾಯ, ಅದೇ ತಾನೇ ಬಂದ ಹುಡುಗ ಹುಡುಗಿಯರು ಮೊದಲ ಸೆಮಿಸ್ಟರಿನಲ್ಲೇ ಸೇರಿ ಒಂದು ಸಂಗೀತ ನಾಟಕವನ್ನು ತಾವೇ ಬರೆದು, ರಾಗ ಹಾಕಿ, ರಂಗಸಜ್ಜಿಕೆ ಮಾಡಿ, ಆಡುತ್ತಾರೆ. ಎಂಜಿನಿಯರಿಂಗ್ ಹುಡುಗ ಪಿಯಾನೊ ಬಾರಿಸುತ್ತಿರುತ್ತಾನೆ, ನರ್ಸಿಂಗ್ ಓದುವವಳು ಸಂಭಾಷಣೆ ತಿದ್ದುತ್ತಿರುತ್ತಾಳೆ. ಸ್ನೇಹ ಬೆಳೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆಹ್ವಾನ ಬಂದಿದ್ದರೆ ಮಗಳು ಅದನ್ನು ಬಿಡಬಾರದು.

ಊರು ಚಿಕ್ಕದು, ಶಿಕಾಗೊದಿಂದ ಸುಮಾರು 80 ಕಿಲೋಮೀಟರ್. ಪಾಪ್‌ಕಾರ್ನ್ ವ್ಯಾಪಾರಿ ಆರ್ವಿಲ್ ರೆಡನ್‌ಬಾಕರ್ ಇದ್ದ ಊರು ಅಂತ ಪ್ರತಿ ಸೆಪ್ಟೆಂಬರ್‌ನಲ್ಲಿ ಪಾಪ್‌ಕಾರ್ನ್ ಹಬ್ಬ ಮಾಡುತ್ತಾರೆ. ಬ್ಯಾಸ್ಕೆಟ್‌ಬಾಲ್ ಹುಚ್ಚು ವಿಪರೀತ. 1998ರಲ್ಲಿ ಬ್ರೈಸ್ ಡ್ರೂ ಅನ್ನುವ ಆಟಗಾರ ಕೊನೇ ಕ್ಷಣದಲ್ಲಿ ಹಾಕಿದ ಒಂದು ಗೋಲಿನಿಂದ ಈ ಚಿಕ್ಕ ಕಾಲೇಜು ಮಿಸ್ಸಿಸಿಪ್ಪಿ ವಿಶ್ವವಿದ್ಯಾಲಯವನ್ನು ಸೋಲಿಸಿದ್ದನ್ನು ಇನ್ನೂ ನೆನೆಯುತ್ತಾರೆ. ಮಿಶಿಗನ್ ಸರೋವರ ಹತ್ತಿರವೇ ಇದೆ. ಸರೋವರದ ಮೇಲಿಂದ ಬರುವ ಗಾಳಿ ತೇವ ಹೀರಿಕೊಂಡು ಬಂದು ದಡದಲ್ಲಿ ಹಿಮ ಸುರಿಸುತ್ತದೆ, ಹಾಗಾಗಿ ಚಳಿಗಾಲ ಕಠಿಣ. ಹವಾಮಾನ ಓದುವವಳಿಗೆ ಅದೂ ಪಾಠವೇ. ಆದರೆ ಇಲ್ಲಿಂದ ಸ್ವೆಟರ್ ಹೊತ್ತುಕೊಂಡು ಹೋಗಬೇಡಿ, ಪ್ರಯೋಜನ ಇಲ್ಲ. ಕೋಟು, ಬೂಟು ಅಲ್ಲೇ ಕೊಳ್ಳಲಿ.

ಚಾಪೆಲ್ ಬಗ್ಗೆ ಎರಡು ಮಾತು, ಯಾಕಂದರೆ ಮಗಳು ಮೊದಲ ದಿನ ಕಳಿಸುವ ಫೋಟೊದಲ್ಲಿ ಅದು ಇದ್ದೇ ಇರುತ್ತದೆ. 1959ರಲ್ಲಿ ತೆರೆದದ್ದು, ಅಮೆರಿಕದ ಕಾಲೇಜು ಚಾಪೆಲ್‌ಗಳಲ್ಲೇ ಬಹಳ ದೊಡ್ಡದು. ಒಂದು ತುದಿಯ ಚಾವಣಿ ನಕ್ಷತ್ರದಂತೆ ಮಡಿಕೆ ಮಡಿಕೆಯಾಗಿದೆ, ಕೆಳಗೆ ಆಕಾಶದೆತ್ತರದ ಬಣ್ಣದ ಗಾಜಿನ ಕಿಟಕಿಗಳು. ಸಂಗೀತ ಕಚೇರಿಗಳು, ಉಪನ್ಯಾಸಗಳು ಅಲ್ಲೇ ನಡೆಯುತ್ತವೆ. ಒಳಗೆ ಹೋಗಿ ಕೂತು ಆರ್ಗನ್ ಕೇಳಿದರೆ ಯಾರ ಧರ್ಮವೂ ಕೆಡುವುದಿಲ್ಲ, ಕೇಳಲಿ.

ಊಟ ಸಸ್ಯಾಹಾರಿಗಳಿಗೆ ಸಿಗುತ್ತದೆ, ರುಚಿ ಸಿಗುವುದಿಲ್ಲ. ಶಿಕಾಗೊ ಕಡೆ ಹೋದರೆ ಡೆವನ್ ಅವೆನ್ಯೂನಲ್ಲಿ ನಮ್ಮ ದಿನಸಿ ಎಲ್ಲ ಸಿಗುತ್ತದೆ, ಲೆಮಾಂಟ್‌ನಲ್ಲಿ ದೊಡ್ಡ ದೇವಸ್ಥಾನ ಇದೆ, ಅಲ್ಲಿನ ಕನ್ನಡಿಗರು ಕಟ್ಟಿದ ವಿದ್ಯಾರಣ್ಯ ಕನ್ನಡ ಕೂಟವೂ ಇದೆ. ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮೊದಲೇ ಬರೆದು ಕೇಳಿದರೆ ಯಾರಾದರೂ ಕಾರಿನಲ್ಲಿ ಕರೆದುಕೊಂಡು ಹೋಗುವವರು ಸಿಗುತ್ತಾರೆ. ಕಾರಿಲ್ಲದೆ ಆ ಊರಿನಲ್ಲಿ ಓಡಾಟ ಕಷ್ಟ, ಇದೊಂದು ನಿಜವಾದ ಕೊರತೆ. ನವೆಂಬರ್ ಕೊನೆಯ ರಜೆ, ಕ್ರಿಸ್‌ಮಸ್ ರಜೆಯಲ್ಲಿ ಎಲ್ಲರೂ ಮನೆಗೆ ಹೋದಾಗ ಹಾಸ್ಟೆಲ್ ಖಾಲಿ ಖಾಲಿ. ಆಗ ಎಲ್ಲಿ ಇರಬೇಕು, ಊಟ ಏನು ಅಂತ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಈಗಲೇ ಬರೆಯಿರಿ.

ಇನ್ನು ದುಡ್ಡು. ನಿಜವಾದ ಚಿಂತೆ ಮಾಡಬೇಕಾದದ್ದು ಇಲ್ಲಿ. ಟ್ಯೂಷನ್ ಫೀಸೇ ವರ್ಷಕ್ಕೆ 40,000 ಡಾಲರ್ ದಾಟಿದೆ. ಹಾಸ್ಟೆಲ್, ಊಟ, ಆರೋಗ್ಯ ವಿಮೆ ಬೇರೆ. ಇಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪೂರ್ತಿ ಫೀಸು ಕಟ್ಟುವವರು ಕಡಿಮೆ, ಹೆಚ್ಚಿನವರಿಗೆ ದೊಡ್ಡ ರಿಯಾಯಿತಿ ಸಿಗುತ್ತದೆ. ಹಾಗಾಗಿ "ಸ್ವಲ್ಪ ಸ್ಕಾಲರ್‌ಶಿಪ್" ಬಂದಿದೆ ಅಂದರೆ ಅಷ್ಟಕ್ಕೇ ಒಪ್ಪಬೇಡಿ. ಮಗಳ ಅಂಕಪಟ್ಟಿ ಇಟ್ಟು, ಬೇರೆ ಕಡೆಯಿಂದ ಬಂದ ಪತ್ರ ಇದ್ದರೆ ಅದನ್ನೂ ಇಟ್ಟು, ಜಾಸ್ತಿ ಮಾಡಿ ಅಂತ ವಿನಯವಾಗಿ ಕೇಳಿ. ಕೇಳುವುದು ಅಲ್ಲಿ ಅವಮಾನ ಅಲ್ಲ. ಎಫ್-1 ವೀಸಾದಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ, ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಬಹುದು. ಅದರಿಂದ ಕೈಖರ್ಚು ನಡೆಯುತ್ತದೆ, ಫೀಸು ಅಲ್ಲ. ಓದು ಮುಗಿದ ಮೇಲೆ ಒಂದು ವರ್ಷ ಒಪಿಟಿ ಇದೆ, ಅಂದರೆ ಓದಿದ ವಿಷಯದಲ್ಲಿ ಅಲ್ಲೇ ಕೆಲಸ ಮಾಡುವ ಅನುಮತಿ. ಹವಾಮಾನ ವಿಜ್ಞಾನವೂ ಮೆಕ್ಯಾನಿಕಲ್ಲೂ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವುದರಿಂದ ಇನ್ನೂ 24 ತಿಂಗಳು ವಿಸ್ತರಣೆ ಸಿಗುವ ನಿಯಮ ಇದೆ. ಆದರೆ ವೀಸಾ ನಿಯಮಗಳನ್ನು ನಂಬಿ ಮನೆ ಅಡ ಇಡಬೇಡಿ, ಅವು ಯಾವಾಗ ಬೇಕಾದರೂ ಬದಲಾಗುತ್ತವೆ.

ವಿಶ್ವವಿದ್ಯಾಲಯದ ಜೇಬಿನ ಕಡೆಗೂ ನೋಡಬೇಕು. ಅಮೆರಿಕದಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನವರು ಕಡಿಮೆಯಾಗುತ್ತಿದ್ದಾರೆ, ಚಿಕ್ಕ ಖಾಸಗಿ ಕಾಲೇಜುಗಳಿಗೆ ಉಸಿರು ಕಟ್ಟುತ್ತಿದೆ. ಲೂಥರನ್ ಸಂಸ್ಥೆಗಳಲ್ಲೇ ಪೋರ್ಟ್‌ಲ್ಯಾಂಡಿನ ಕಾಂಕಾರ್ಡಿಯಾ 2020ರಲ್ಲಿ, ಮಿಶಿಗನ್ನಿನ ಫಿನ್‌ಲಾಂಡಿಯಾ 2023ರಲ್ಲಿ ಮುಚ್ಚಿದವು. ವ್ಯಾಲ್ಪೊ ಮುಚ್ಚುವ ಸ್ಥಿತಿಯಲ್ಲಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಅದು ತನ್ನ ಹಳೆಯ ಕಾನೂನು ಕಾಲೇಜನ್ನು 2020ರಲ್ಲಿ ಮುಚ್ಚಿತು, 2023ರಲ್ಲಿ ಮೊದಲ ವರ್ಷದವರ ಹಾಸ್ಟೆಲ್ ದುರಸ್ತಿಗೆ ಅಂತ ತನ್ನ ಮ್ಯೂಸಿಯಂನ ಮೂರು ಬೆಲೆಬಾಳುವ ಚಿತ್ರಗಳನ್ನು ಮಾರಲು ಹೊರಟಿತು. ಅದರಲ್ಲಿ ಅಮೆರಿಕದ ಹೆಸರಾಂತ ಕಲಾವಿದೆ ಜಾರ್ಜಿಯಾ ಓಕೀಫ್ ಬರೆದ ಚಿತ್ರವೂ ಒಂದು. ಮೇಷ್ಟ್ರುಗಳು, ಹಳೆಯ ವಿದ್ಯಾರ್ಥಿಗಳು ವಿರೋಧ ಮಾಡಿದರು, ವಿಷಯ ಕೋರ್ಟಿಗೂ ಹೋಯಿತು. 2024ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೋರ್ಸ್‌ಗಳನ್ನು ನಿಲ್ಲಿಸಬೇಕಾ ಅಂತ ಪರಿಶೀಲನೆ ಶುರುವಾಯಿತು. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ನಾಲ್ಕು ವರ್ಷ ಅಲ್ಲಿ ಇರಬೇಕಾದವಳು ನಿಮ್ಮ ಮಗಳು, ಹಿರಿಯರು ಧರ್ಮದ ಬಗ್ಗೆ ಕೇಳಿದಷ್ಟೇ ಗಟ್ಟಿಯಾಗಿ ನೀವು ಇದರ ಬಗ್ಗೆ ಕೇಳಬೇಕು.

ಹಾಗಾಗಿ ಡಿಪಾಸಿಟ್ ಕಟ್ಟುವ ಮುಂಚೆ ಅಡ್ಮಿಷನ್ ಆಫೀಸಿಗೆ ಒಂದು ಮೇಲ್ ಹಾಕಿ, ಮಗಳ ಕೈಯಲ್ಲೇ ಬರೆಸಿ. ಹವಾಮಾನ ವಿಜ್ಞಾನ ವಿಭಾಗದಲ್ಲಿ ಈಗ ಪೂರ್ಣಾವಧಿ ಮೇಷ್ಟ್ರುಗಳು ಎಷ್ಟು ಜನ, ಕೋರ್ಸ್ ಮುಂದುವರಿಯುವ ಬಗ್ಗೆ ಬರವಣಿಗೆಯಲ್ಲಿ ಏನು ಹೇಳುತ್ತೀರಿ? ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಇರುತ್ತದಾ, ಉಳಿಸಿಕೊಳ್ಳಲು ಎಷ್ಟು ಅಂಕ ಬೇಕು, ಫೀಸು ಏರಿದರೆ ಅದೂ ಏರುತ್ತದಾ? ಕಳೆದ ಕೆಲವು ವರ್ಷಗಳಲ್ಲಿ ಆ ವಿಭಾಗದಿಂದ ಹೊರಬಂದ ವಿದೇಶಿ ವಿದ್ಯಾರ್ಥಿಗಳು ಎಲ್ಲಿದ್ದಾರೆ? ಅವರಲ್ಲಿ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿಸುತ್ತೀರಾ? ನೇರ ಉತ್ತರ ಬಂದರೆ, ಸಾಲ ನೀವು ಭಾರತದ ಸಂಬಳದಲ್ಲೂ ತೀರಿಸಬಹುದಾದ ಮೊತ್ತದೊಳಗೆ ಇದ್ದರೆ, ಕಳಿಸಿ. ಸುತ್ತಿಬಳಸಿ ಉತ್ತರ ಬಂದರೆ, ಇನ್ನೊಂದು ವರ್ಷ ಇಲ್ಲೇ ಬಿಎಸ್ಸಿಗೆ ಸೇರಿಸಿ ಬೇರೆ ಕಡೆ ಅರ್ಜಿ ಹಾಕಲಿ. ಅವಳ ವಯಸ್ಸಿಗೆ ಒಂದು ವರ್ಷ ದೊಡ್ಡ ನಷ್ಟ ಅಲ್ಲ.